ಮೂರು ಕೇರಿಯ ಸಾಮಾನ್ಯ ಛೇದ

"ಗುರುಗಳೇ, ಅರ್ಧಕ್ಕೆ ಮೂರನೇ ಒಂದು ಭಾಗವನ್ನು ಕೂಡಿಸಬೇಕಾದರೆ ಮೊದಲು ಎರಡರ ಛೇದವನ್ನೂ ಒಂದು ಮಾಡಿಕೊಳ್ಳಬೇಕು. ಜನರನ್ನು ಕೂಡಿಸುವುದಕ್ಕೂ ಅಂಥದೊಂದು ಸಾಮಾನ್ಯ ಛೇದ ಇರಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

"ಇರುತ್ತದಪ್ಪಾ, ಇಲ್ಲದೆ ಏನು! ಅದನ್ನು ಹುಡುಕಲು ಹೊರಟವನ ಪಾಡು ಕೇಳು" ಎಂದರು ಗುರುಗಳು. "ಲೆಕ್ಕದಲ್ಲಿ ಎರಡೂ ಮೂರೂ ಒಂದಾಗಬೇಕಾದರೆ ಆರಕ್ಕೆ ಏರಬೇಕು. ಜನ ಹಾಗೆ ಏರಿ ಒಂದಾದದ್ದನ್ನು ಈ ವಯಸ್ಸಿನವರೆಗೆ ನಾನು ಕಂಡಿಲ್ಲ." ಹೀಗೆಂದು ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಮೂರು ಕೇರಿ: ಕುಂಬಾರರದು, ನೇಕಾರರದು, ಗಾಣಿಗರದು. ಎಲ್ಲರಿಗೂ ಇದ್ದದ್ದು ಒಂದೇ ಕೆರೆ. ಅದು ಹೂಳು ತುಂಬಿ ತಟ್ಟೆಯಂತಾಗಿತ್ತು. ಮಳೆಗೆ ಮೊದಲು ಹೂಳೆತ್ತದಿದ್ದರೆ ಬರುವ ಬೇಸಿಗೆಗೆ ಕುಡಿಯಲು ನೀರಿಲ್ಲ. ಒಂದು ಕೇರಿಯಿಂದ ಆಗುವ ಕೆಲಸವೂ ಅಲ್ಲ. ಎತ್ತಿದ ಜೇಡಿಯೆಲ್ಲ ತಮಗೇ ಬೇಕೆಂದರು ಕುಂಬಾರರು. ಹಾಗಾದರೆ ಅವರೇ ಎತ್ತಿಕೊಳ್ಳಲಿ ಎಂದರು ನೇಕಾರರು. ಅವರಿಬ್ಬರೂ ಇಳಿದ ಮೇಲೆ ನೋಡೋಣ ಎಂದರು ಗಾಣಿಗರು.

ಊರಗೌಡ ಒಳ್ಳೆಯವನೇ. ಮೂರು ಕೇರಿಯೂ ಒಪ್ಪುವ ಒಂದು ಮಾತು ಸಿಕ್ಕರೆ ಸಾಕೆಂದು ಮನೆಮನೆ ಅಲೆದ. ದೇವರ ಹೆಸರು ಹೇಳಿದ; ಒಬ್ಬೊಬ್ಬರ ದೇವರು ಬೇರೆ. ಮಕ್ಕಳ ಮುಖ ನೋಡಿ ಎಂದ. ಅವರವರಿಗೆ ಅವರವರ ಮಕ್ಕಳು. ಕಾಲು ಸವೆಯಿತೇ ಹೊರತು ಕೆಲಸವಾಗಲಿಲ್ಲ. ಕಡೆಗೆ ಒಂದು ಮಾತು ಮೂರು ಕಡೆಯೂ ಕಿವಿಗೆ ಬಿತ್ತು. ಏರಿಯ ಮೇಲೆ ಗುಡಿಸಲು ಹಾಕಿಕೊಂಡಿರುವ ಮುದುಕಿ ಮನೆಮನೆಯ ಮೈಲಿಗೆ ಬಟ್ಟೆ ತಂದು ಕೆರೆಯಲ್ಲಿ ಒಗೆಯುತ್ತಾಳೆ, ಕೆರೆ ಕೆಟ್ಟದ್ದೇ ಅದರಿಂದ ಎಂದು. ಹೂಳಿಗೂ ಬಟ್ಟೆಗೂ ಎಲ್ಲಿಯ ಸಂಬಂಧ! ಗೌಡನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ, ಅಯ್ಯೋ, ಹೂಂ ಎಂದುಬಿಟ್ಟ.

ಮಾರನೆಯ ಬೆಳಿಗ್ಗೆ ಮೂರು ಕೇರಿಯವರೂ ಗುದ್ದಲಿ ಹಿಡಿದು ಏರಿಯ ಮೇಲೆ ಸೇರಿದರು. ಗುಡಿಸಲು ಕಿತ್ತರು. ಮುದುಕಿ ಗೌಡನ ಮುಖ ನೋಡಿ, "ಕಾಲಲ್ಲಿ ಶಕ್ತಿಯಿಲ್ಲ ಮಗಾ, ಈಗ ಎಲ್ಲಿಗೆ ಹೋಗಲಿ?" ಎಂದಳು. ಅವಳು ಪಕ್ಕದ ಊರನ್ನೂ ಮುಟ್ಟಲಿಲ್ಲ, ದಾರಿಯಲ್ಲೇ ಸತ್ತಳು. ಜನ ಮಾತ್ರ ಅದೇ ಹುರುಪಿನಲ್ಲಿ ಕೆರೆಗಿಳಿದು, ಹೆಗಲಿಗೆ ಹೆಗಲು ಕೊಟ್ಟು ಹೂಳೆತ್ತಿದರು. ಮಳೆ ಬಂತು, ಕೆರೆ ತುಂಬಿತು.

ಕೆಲವು ವರ್ಷಗಳಿಗೆ ಮತ್ತೆ ಹೂಳು ತುಂಬಿತು. ಗೌಡ ಡಂಗುರ ಹೊಡೆಸಿದ. ಮೂರು ಕೇರಿಯವರೂ ಗುದ್ದಲಿ ಸಮೇತ ಬಂದರು, ಆದರೆ ಯಾರೂ ಕೆರೆಗೆ ಇಳಿಯಲಿಲ್ಲ. "ಈ ಸಲ ಯಾರು, ಗೌಡರೇ?" ಎಂದು ಕೇಳಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಆ ಮೂರು ಕೇರಿಗೂ ಸೇರಿದ್ದು ಬೇರೆ ಏನೂ ಇರಲೇ ಇಲ್ಲವೇ?"

"ಇತ್ತಲ್ಲಯ್ಯಾ, ಆ ಮುದುಕಿ ಸೂಲಗಿತ್ತಿ, ಗುದ್ದಲಿ ಹಿಡಿದು ಬಂದವರಲ್ಲಿ ಅವಳ ಕೈಮೇಲೆ ಹುಟ್ಟದವನು ಒಬ್ಬನೂ ಇರಲಿಲ್ಲ."