ಎರಡೂ ಕಡೆ ಸಮ

ಕೇಳ್ರಪ್ಪ, ನಗೋದಾದ್ರೆ ಪೂರ್ತಿ ಕೇಳಿ ನಗಿ. ಈರುಳ್ಳಿ ಮಾರೋ ದೇವೀರಮ್ಮಂಗೆ ಗವಿಯಪ್ಪ ಅಂತ ಒಬ್ಬನೇ ಮಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಮಾತ್ರ ಡುಮ್ಕಿ! ತ್ರಿಕೋನದ ಮೂರನೇ ಕೋನ ಎಷ್ಟು ಅಂತ ಕೇಳಿದ್ರೆ, ‘ಅರವತ್ತು’ ಅಂತಷ್ಟೇ ಬರೆದು ಎದ್ದು ಬಂದಿದ್ದ.

“ಇವನ ಕೈಲಿ ಒಂದು ಲೆಕ್ಕನೂ ಆಗಲ್ಲ ಕಣಮ್ಮ, ಮೂಟೆ ಹೊರೋಕೆ ಕಳಿಸು,” ಅಂದ್ರು ಹೆಡ್‌ಮಾಸ್ಟರು, ಸಂತೆ ಜನದ ಎದುರಿಗೇ.

ದೇವೀರಮ್ಮಂಗೆ ಮೈಯೆಲ್ಲ ಉರಿದುಹೋಯ್ತು. “ಎಲ್ಲಾ ಲೆಕ್ಕನೂ ಇವನ ಕೈಲೇ ಬಿಡಿಸದಿದ್ರೆ ನಾನು ದೇವೀರಮ್ಮನೇ ಅಲ್ಲ!”

ಮನೆಗೆ ಬಂದು ಮಗನಿಗೆ ಬೈದಳು. “ಬರೀ ಉತ್ತರ ಯಾರಿಗೆ ಬೇಕೋ ಪೆದ್ದ! ಮೊದಲಿಂದ ಒಂದೊಂದೇ ಹಂತ ಬರೀಬೇಕು!”

“ಆಗ್ಲವ್ವ!”

ಮುಂದಿನ ಪರೀಕ್ಷೆ. ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ಮೂರು ಇಡ್ಲಿ ತಿಂದೆ, ಬಸ್ಸು ಸಿಗಲಿಲ್ಲ, ನಡೆದೆ... ಹೀಗೆ ಬರೀತಾ ಬರೀತಾ ಸ್ಕೂಲಿನ ಗೇಟಿಗೆ ಬರೋ ಹೊತ್ತಿಗೆ ಪರೀಕ್ಷೆ ಮುಗಿದ ಗಂಟೆ ಹೊಡೀತು.

“ಅಯ್ಯೋ ನನ್ನ ಕರ್ಮವೇ! ಪುಸ್ತಕದಲ್ಲಿರೋ ಹಾಗೆ ಗೊತ್ತಿಲ್ಲದ್ದನ್ನ ಎಕ್ಸ್ ಅಂತ ಇಟ್ಕೊಂಡು ಶುರು ಮಾಡೋ!”

“ಆಗ್ಲವ್ವ!”

ಮೂರನೇ ಸಲ. ಒಂದನೇ ಉತ್ತರ ಎಕ್ಸ್. ಎರಡನೇದೂ ಎಕ್ಸ್. ಕೊನೇದೂ ಎಕ್ಸ್. ತನ್ನ ರಿಜಿಸ್ಟರ್ ನಂಬರ್ ಮರೆತಿದ್ದ, ಅಲ್ಲೂ ಎಕ್ಸ್!

ಊರೆಲ್ಲ ಬಿದ್ದು ಬಿದ್ದು ನಕ್ಕಿತು.

“ನೀನೇ ಹೇಳಿದ್ದಲ್ವೇನವ್ವ?” ಅಂದ ಮಗ.

“ಹೌದು ಕಣೋ, ನಾನೇ ಹೇಳಿದ್ದು! ಈಗ ಇನ್ನೊಂದು ಹೇಳ್ತೀನಿ!” ಅಂತ ತಕ್ಕಡಿ ತಂದು ಎರಡು ತಟ್ಟೆಗೂ ಈರುಳ್ಳಿ ತುಂಬಿದಳು. “ಸಮೀಕರಣ ಅಂದ್ರೆ ಇಷ್ಟೇ. ಈ ಕಡೆಯಿಂದ ಒಂದು ತೆಗೆದ್ರೆ ಆ ಕಡೆಯಿಂದಲೂ ಒಂದು ತೆಗಿ. ಎರಡೂ ಕಡೆ ಸಮ ಇರ್ಬೇಕು. ಸತ್ರೂ ಮರೀಬೇಡ!”

ಮೂರು ತಿಂಗಳು ಅದೇ ಪಾಠ. ಹೇಳಿಕೊಟ್ಟು ಹೇಳಿಕೊಟ್ಟು ಅವಳಿಗೇ ಪುಸ್ತಕ ಬಾಯಿಪಾಠ ಆಯ್ತು.

ನಾಲ್ಕನೇ ಸಲ, ಅದೇ ಕೊನೇ ಅವಕಾಶ. ಗವಿಯಪ್ಪ ಕುಣೀತಾ ಬಂದ.

“ಅವ್ವಾ, ಎಲ್ಲಾ ಬಿಡಿಸ್ದೆ! ಮೇಷ್ಟ್ರು ನನ್ನ ಕಡೆಯಿಂದ ಒಂದು ಉತ್ತರ ಪತ್ರಿಕೆ ತೆಗೆದ್ರು. ಅವರು ಅತ್ತ ತಿರುಗಿದ್ರು ನೋಡು, ನಾನೂ ಅವರ ಕಡೆಯಿಂದ ಒಂದು ತೆಗೆದೆ. ಎರಡೂ ಕಡೆ ಸಮ!”

ಅಂಗಿಯೊಳಗಿಂದ ಎಳೆದು ಕೊಟ್ಟ. ಮೇಷ್ಟ್ರ ಕಟ್ಟಿನ ಮೇಲಿದ್ದ ಪತ್ರಿಕೇನೇ ತೆಗೆದಿದ್ದ. ಅವನದೇ!

ಪತ್ರಿಕೆ ಮೇಷ್ಟ್ರ ಹತ್ರ ಇಲ್ಲ ಅಂದ್ರೆ ಈ ಸಲವೂ ಫೇಲೇ! ಬಯ್ಯೋಕೆ ಬಾಯಿ ತೆಗೆದ ದೇವೀರಮ್ಮ ಹಾಳೆ ಮೇಲೆ ಕಣ್ಣಾಡಿಸಿದಳು. ತ್ರಿಕೋನ ಸರಿ. ಸಮೀಕರಣ ಸರಿ. ಒಂದೊಂದು ಹಂತವೂ ಸರಿ! ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

“ನಡಿಯೋ ಮಗನೇ, ಹೆಡ್‌ಮಾಸ್ಟರ ಮನೆಗೆ! ಫೇಲ್ ಮಾಡ್ಲಿ ಬೇಕಾದ್ರೆ. ಒಂದೇ ಒಂದು ತಪ್ಪು ತೋರಿಸ್ಲಿ ನೋಡ್ತೀನಿ!”