ಅನ್ನಭೇದಿಗೆ ನೀರು ಚಿಮುಕಿಸಿದ ಶೆಟ್ಟಿ

"ಗುರುಗಳೇ, ನನಗೆ ಸಿಟ್ಟು ಬರದೆ ಆರು ತಿಂಗಳಾಯಿತು. ಇಂಥ ಒಳ್ಳೆಯ ಗುಣ ಕೈಗೆ ಬಂದಮೇಲೆ ಅದು ಕೆಡದಂತೆ ಹೇಗೆ ಕಾಪಾಡಿಕೊಳ್ಳಬೇಕು?" ಎಂದು ಸೋಮಲಿಂಗ ಕೇಳಿದ.

ಸೋಮಲಿಂಗ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬಂದ ಹೊಸದರಲ್ಲಿ ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅನ್ನ ತುಸು ಮೆತ್ತಗಾದರೂ ಅಡಿಗೆಯವನ ಮೇಲೆ ಹರಿಹಾಯುತ್ತಿದ್ದ. ಈಗ ಹಾಗಿರಲಿಲ್ಲ, ಅದು ನಿಜ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಶೆಟ್ಟಿ ಗ್ರಂಧಿಗೆ ಅಂಗಡಿ ಇಟ್ಟಿದ್ದ. ಶುಂಠಿ, ಹಿಪ್ಪಲಿ, ಅಳಲೆಕಾಯಿ, ಇಂಗು, ಮದ್ದಿಗೆ ಬೇಕಾದ ಬೇರು ನಾರು ಎಲ್ಲ ಅವನಲ್ಲಿ ಸಿಗುತ್ತಿದ್ದವು. ಅವನ ಅಜ್ಜ, ಅಪ್ಪ ವೀಳ್ಯದೆಲೆ ಮಾರಿದವರು. ಅವನೂ ಹದಿನೈದು ವರ್ಷ ಎಲೆ ಮಾರಿಯೇ ಆಮೇಲೆ ಈ ವ್ಯಾಪಾರಕ್ಕೆ ಬಂದವನು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೆ ಶೆಟ್ಟಿಯ ಕೈ ನೀರಿನ ಚೊಂಬನ್ನು ಹುಡುಕುತ್ತಿತ್ತು. ಎಲೆ ಬಾಡದಂತೆ ನೀರು ಚಿಮುಕಿಸುವುದು ಅವನಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು. ಶುಂಠಿಗೂ ಇಂಗಿಗೂ ಅದನ್ನು ಮಾಡದಂತೆ ತಡೆಯಲು ಹೆಂಡತಿಗೆ ಎರಡು ವರ್ಷ ಹಿಡಿಯಿತು.

ಹೀಗಿರಲು ಒಂದು ಬೇಸಗೆಯಲ್ಲಿ ದೂರದ ಗಾಡಿಯವರು ಅವನಿಗೆ ಒಂದು ಚೀಲ ಅನ್ನಭೇದಿ ತಂದುಕೊಟ್ಟರು. ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪು. ನೋಡಲು ಹಸಿರು ಬಣ್ಣದ ಕಲ್ಲುಸಕ್ಕರೆ. ಬಟ್ಟೆಗೆ ಕಪ್ಪು ಹಿಡಿಸುವವರು ಒಯ್ಯುತ್ತಾರೆ, ಬರೆಯುವವರು ಶಾಯಿಗೆ ಒಯ್ಯುತ್ತಾರೆ. ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಂಡವರಿಗೆ ಪಂಡಿತರು ಅದನ್ನು ಶುದ್ಧಿಮಾಡಿ, ಅಳೆದು ತೂಗಿ ಕೊಡುತ್ತಾರೆ. ಅಳತೆಯಲ್ಲಿದ್ದರೆ ಮದ್ದು. ಮಕ್ಕಳು ಸಕ್ಕರೆ ಎಂದುಕೊಂಡು ಬಾಯಿಗೆ ಹಾಕಿಕೊಂಡರೆ ಅದೇ ವಿಷ.

ಆ ವರ್ಷದ ಅನ್ನಭೇದಿ ಅಪ್ಪಟ ಗಿಳಿಹಸಿರು. ಶೆಟ್ಟಿ ಅದನ್ನು ನೋಡಿ ಹಿಗ್ಗಿಹೋದ. ಅಂಥ ಮಾಲು ಸುತ್ತ ಏಳು ಪೇಟೆಯಲ್ಲಿ ಯಾರ ಬಳಿಯೂ ಇಲ್ಲ ಎಂದು ಗಾಡಿಯವರು ಬೇರೆ ಹೇಳಿದ್ದರು. ಅವನು ಅಗಲ ಬಾಯಿಯ ಹಿತ್ತಾಳೆ ಪಾತ್ರೆಯೊಂದನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಸಿ, ಅದರ ತುಂಬ ಅನ್ನಭೇದಿ ಸುರಿದು, ಅಂಗಡಿಯ ಮುಂಭಾಗದಲ್ಲಿ ಇಟ್ಟ. ಮೆಣಸು ಕೊಳ್ಳಲು ಬಂದವರಿಗೂ ಮುಚ್ಚಳ ತೆಗೆದು ತೋರಿಸಿದ. ದಾರಿ ಕೇಳಲು ನಿಂತವರಿಗೂ ತೋರಿಸಿದ. ಎಲೆ ಅಡಿಕೆ ಜಗಿಯುತ್ತಿದ್ದವರು ಒದ್ದೆ ಬೆರಳಲ್ಲಿ ಹರಳು ಎತ್ತಿ, ತಿರುಗಿಸಿ ನೋಡಿ, ಮತ್ತೆ ಒಳಗೆ ಹಾಕುತ್ತಿದ್ದರು. ಧೂಳು ಕೂತಿದೆ ಎನಿಸಿದರೆ ಶೆಟ್ಟಿ ಬಾಯಿಂದ ಉಫ್ ಎಂದು ಊದುತ್ತಿದ್ದ. ದಿನಕ್ಕೆ ಎಷ್ಟು ಸಲ ಆ ಮುಚ್ಚಳ ತೆಗೆದನೋ ದೇವರೇ ಬಲ್ಲ. ಕೊಂಡವರು ಮಾತ್ರ ಕಡಿಮೆ.

ಮಳೆಗಾಲ ಹಿಡಿಯಿತು. ಮೇಲಿನ ಹರಳುಗಳು ಮಂಕಾದವು, ಅಂಚಿನಲ್ಲಿ ಹಳದಿ ಕಾಣಿಸಿತು. ಹಸಿರು ಬಾಡಿತು ಎಂದರೆ ಎಲೆ ಮಾರುವವನ ಮಗನಿಗೆ ಗೊತ್ತಿದ್ದ ಉಪಾಯ ಒಂದೇ. ಅವನು ಚೊಂಬು ತಂದು ನೀರು ಚಿಮುಕಿಸಿದ. ಒದ್ದೆಯಾದ ಹರಳು ಹೊಸದರಂತೆ ಹೊಳೆಯಿತು. ಅಂದಿನಿಂದ ದಿನವೂ ಬೆಳಿಗ್ಗೆ ಅದೇ ಸೇವೆ.

ಹೆಂಡತಿ ಅದನ್ನು ಒಂದು ದಿನ ಕಂಡಳು. ಅವಳು ಉಪ್ಪು ಮಾರುವವರ ಮನೆಯ ಮಗಳು. ಉಪ್ಪಿನ ಜಾತಿಗೆ ತೇವವೇ ಶತ್ರು, ದಯವಿಟ್ಟು ನೀರು ಹಾಕಬೇಡಿ ಎಂದಳು.

"ನಿಮ್ಮಪ್ಪ ಮಾರಿದ್ದು ಬಿಳಿ. ನಮ್ಮಪ್ಪ ಮಾರಿದ್ದು ಹಸಿರು. ಹಸಿರಿನ ವಿಷಯ ನಿನಗೇನು ಗೊತ್ತು?" ಎಂದು ಶೆಟ್ಟಿ ನಕ್ಕುಬಿಟ್ಟ.

ಶ್ರಾವಣದಲ್ಲಿ ಮಗಳು ಚೊಚ್ಚಲ ಬಸುರಿ ತವರಿಗೆ ಬಂದಳು. ಒಬ್ಬಳೇ ಮಗಳು. ಗಾಡಿಯಿಂದ ಇಳಿದವಳ ಮುಖ ನೋಡಿ ಶೆಟ್ಟಿ ಕೂಡಲೆ ಪಂಡಿತರಿಗೆ ಹೇಳಿಕಳಿಸಿದ. ತುಟಿ ಬಿಳಿ, ಉಗುರು ಬಿಳಿ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಪಂಡಿತರು ಬಂದು ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಹೆರಿಗೆಗೆ ಇನ್ನು ಮೂರು ತಿಂಗಳಿದೆ, ಅಷ್ಟರಲ್ಲಿ ರಕ್ತ ಹೆಚ್ಚದಿದ್ದರೆ ತಾಯಿ ಮಗು ಇಬ್ಬರಿಗೂ ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಇದಕ್ಕೆ ಒಳ್ಳೆಯ ಅನ್ನಭೇದಿ ಬೇಕು, ನನ್ನಲ್ಲಿ ಮುಗಿದಿದೆ, ನಿಮ್ಮಲ್ಲಿದೆಯಂತಲ್ಲ ಎಂದರು.

ಶೆಟ್ಟಿಗೆ ಹೋದ ಜೀವ ಬಂದಂತಾಯಿತು. ಏಳು ಪೇಟೆಯಲ್ಲಿ ಇಲ್ಲದ್ದು ತನ್ನ ಅಂಗಡಿಯಲ್ಲಿದೆ. ಅವನು ಓಡಿಹೋಗಿ ಹಿತ್ತಾಳೆ ಪಾತ್ರೆಯನ್ನೇ ಹೊತ್ತು ತಂದು ಪಂಡಿತರ ಮುಂದಿಟ್ಟ. ಪಂಡಿತರು ಒಂದು ಒಣ ಕಡ್ಡಿಯಿಂದ ಕೆದಕಿದರು. ಮೇಲೆ ತುಕ್ಕಿನ ಬಣ್ಣದ ಕೆನೆ. ಅದರ ಕೆಳಗೆ ಕಂದು ಹೆಂಟೆ. ಇನ್ನೂ ಕೆಳಗೆ ಕೆಸರು. ಆದರೂ ಶೆಟ್ಟಿ ಆಸೆ ಬಿಡಲಿಲ್ಲ, ಇಡೀ ಪಾತ್ರೆಯನ್ನು ಮಗುಚಿದ. ತಳದಲ್ಲಿ ಸ್ವಲ್ಪ ಹಸಿರು ಕಾಣಿಸಿತು. ಅಗೋ ಇದೆ, ಇದೆ ಎಂದು ಅವನು ಉಗುರಿನಿಂದ ಕೆರೆಯಲು ಹೋದ.

ಪಂಡಿತರು ಅವನ ಕೈ ಹಿಡಿದರು. ಅದು ಹಿತ್ತಾಳೆಯ ಕಿಲುಬು, ನಿಮ್ಮ ಮಾಲು ಪಾತ್ರೆಯನ್ನೂ ತಿಂದಿದೆ, ಇದನ್ನು ಮಗಳ ಹತ್ತಿರ ತರಬೇಡಿ ಎಂದರು. ಬಾವಿಯಿಂದ ದೂರ ಗುಂಡಿ ತೋಡಿ ಹೂಳಿ, ದನಕರು ಮೂಸದ ಹಾಗೆ ನೋಡಿಕೊಳ್ಳಿ, ಕೈ ಚೆನ್ನಾಗಿ ತೊಳೆಯಿರಿ ಎಂದೂ ಹೇಳಿದರು.

ಮತ್ತೆ ಗಾಡಿಯವರು ಬರುವುದು ದೀಪಾವಳಿ ಕಳೆದ ಮೇಲೆ. ಅಷ್ಟು ದಿನ ಕಾಯುವ ಹಾಗಿಲ್ಲ. ಶೆಟ್ಟಿ ಜಗಲಿಯ ಮೇಲೆ ಕುಸಿದು ಕೂತ. ದಾರಿಹೋಕರನ್ನೆಲ್ಲ ಕರೆದು ತೋರಿಸಿದ ಮಾಲು, ಹೆತ್ತ ಮಗಳಿಗೆ ಬೇಕಾದಾಗ ಇಲ್ಲ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ವಯಸ್ಸು ಮರೆತು ಅತ್ತ.

ಆಗ ಹೆಂಡತಿ ಒಳಗಿನಿಂದ ಒಂದು ಪುಟ್ಟ ಪಿಂಗಾಣಿ ಜಾಡಿ ಹಿಡಿದು ಬಂದಳು. ಬಾಯಿಗೆ ಬಿರಡೆ, ಬಿರಡೆಯ ಸುತ್ತ ಜೇನುಮೇಣ, ಮೇಲೆ ಬಿಗಿದ ಬಟ್ಟೆ. ಇದು ತಿನ್ನುವುದಲ್ಲ ಎಂದು ಮನೆಯವರಿಗೆ ತಿಳಿಯಲು ಕೊರಳಿಗೊಂದು ಕಪ್ಪು ದಾರ. ಪಂಡಿತರು ಮೇಣ ಕೆರೆದು ಬಿರಡೆ ಎಳೆದರು. ಒಳಗೆ ಅನ್ನಭೇದಿ, ಗಾಡಿಯಿಂದ ಇಳಿದ ದಿನದ್ದೇ ಹಸಿರು. ಅವರು ಬೇಕಾದಷ್ಟನ್ನು ಒಣ ಮರದ ಚಮಚದಿಂದ ತೆಗೆದುಕೊಂಡು, ಅಲ್ಲೇ ಮತ್ತೆ ಬಿರಡೆ ಬಿಗಿಸಿದರು.

ಅವಳು ಮಾಡಿದ್ದು ಹೆಚ್ಚೇನಲ್ಲ. ಚೀಲ ಬಂದ ದಿನವೇ, ಶೆಟ್ಟಿ ಪಾತ್ರೆ ಬೆಳಗುತ್ತಿದ್ದ ಹೊತ್ತಿನಲ್ಲಿ, ನಾಲ್ಕು ಚಮಚ ಒಣ ಜಾಡಿಗೆ ತುಂಬಿದ್ದಳು. ಅಡಿಗೆಮನೆಯ ಹಬೆ ತಾಗದ, ಮಕ್ಕಳ ಕೈಗೆ ಎಟುಕದ ಒಳಕೋಣೆಯ ಎತ್ತರದ ಗೂಡಿನಲ್ಲಿ ಇಟ್ಟಿದ್ದಳು. ತವರಿನಲ್ಲಿ ಮಳೆಗಾಲದ ಉಪ್ಪನ್ನು ಹಾಗೆಯೇ ಇಡುತ್ತಿದ್ದರು.

ಮದ್ದು ಹಿಡಿಯಿತು. ತಿಂಗಳೊಪ್ಪತ್ತಿನಲ್ಲಿ ಮಗಳ ತುಟಿಗೆ ಕೆಂಪು ಬಂತು. ಒಂದು ದಿನ ಅವಳು ಅಪ್ಪನ ಜೊತೆ ಜಗಳವಾಡಿ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದಳು. ಅಂದು ಶೆಟ್ಟಿಗೆ ಸ್ವರ್ಗ ಮೂರೇ ಗೇಣು. ಕಾಲ ತುಂಬಿ ಹೆಣ್ಣುಮಗು ಹುಟ್ಟಿತು, ಅಳು ಬೀದಿಯ ಕೊನೆಗೆ ಕೇಳಿಸಿತು.

ಹನ್ನೊಂದನೆಯ ದಿನ ನೆಂಟರೆಲ್ಲ ಹೋದಮೇಲೆ ಶೆಟ್ಟಿ ಹೆಂಡತಿಯನ್ನು ಕೇಳಿದ: "ಅಲ್ಲ ಕಣೇ, ಅಷ್ಟು ಚೆನ್ನಾದ ಅನ್ನಭೇದಿ ಮನೆಯಲ್ಲೇ ಇಟ್ಟುಕೊಂಡು ನನಗೆ ಒಂದು ಮಾತು ಹೇಳಲಿಲ್ಲವಲ್ಲ?"

"ಹೇಳಿದ್ದರೆ ನೀವು ಅದನ್ನೂ ತೆಗೆದು ತೋರಿಸುತ್ತಿದ್ದಿರಿ" ಎಂದಳು ಅವಳು.

ಶೆಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು.

ಗುರುಗಳು ಕತೆ ಮುಗಿಸಿದರು. ಸೋಮಲಿಂಗನಿಗೂ ನಗು ಬಂದಿತ್ತು. ಎಂಥ ಪೆದ್ದ ಶೆಟ್ಟಿ ಎಂದು ಅವನು ತಲೆಯಾಡಿಸಿದ. ಆಮೇಲೆ ಕೈ ಮುಗಿದು, "ತಿಳಿಯಿತು ಗುರುಗಳೇ. ಒಳ್ಳೆಯದು ಕೈಗೆ ಬಂದರೆ ಕಂಡಕಂಡವರಿಗೆ ತೆರೆದು ತೋರಿಸಬಾರದು" ಎಂದ.

ಗುರುಗಳು ಅವನ ಮುಖ ನೋಡಿ ಮುಗುಳ್ನಕ್ಕು ಕೇಳಿದರು:

"ನಿನಗೆ ಸಿಟ್ಟು ಬರದೆ ಆರು ತಿಂಗಳಾಯಿತೆಂದು, ನನ್ನನ್ನೂ ಸೇರಿಸಿ, ಇದುವರೆಗೆ ಎಷ್ಟು ಜನಕ್ಕೆ ಹೇಳಿದ್ದೀಯ?"