ಅರಮನೆಯ ಕೂಸಿನ ಅಳು

"ಕೇಳಿರಪ್ಪೋ ಕೇಳಿ! ಎರಡು ತಿಂಗಳ ಯುವರಾಜನ ಅಳು ನಿಲ್ಲುತ್ತಿಲ್ಲ. ದೊರೆಗಳು ಕೇಳುವ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ!"

ಹೊಂಬಾಳೆಪುರದ ಬೀದಿಯಲ್ಲಿ ಡಂಗುರ ಕೇಳಿದಾಗ ಮೇದರ ಜವರ ಬಿದಿರು ಸೀಳುತ್ತಿದ್ದ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಬೆಳೆಸಿದವನು ಅವನು. ಅಳುವ ಕೂಸೆಂದರೆ ಮನಸ್ಸು ತಡೆಯಲಿಲ್ಲ, ಎದ್ದು ಹೊರಟ.

ಅಷ್ಟರಲ್ಲಿ ಇಬ್ಬರು ಸೋತಿದ್ದರು. ಜೋಯಿಸರು ಗ್ರಹದೋಷವೆಂದು ಶಾಂತಿ ಮಾಡಿಸಿದರು. ಪಂಡಿತರು ತಾಯಿಹಾಲಿನ ದೋಷವೆಂದು ರಾಣಿಗೆ ಕಷಾಯ ಕುಡಿಸಿದರು. ಅಳು ಹೆಚ್ಚಿತೇ ವಿನಾ ತಗ್ಗಲಿಲ್ಲ. ಇಬ್ಬರೂ ತಲೆದಂಡಕ್ಕೆ ಕಾಯುತ್ತ ಸೆರೆಮನೆ ಸೇರಿದರು.

ದೊರೆ ಚಂದ್ರಪಾಲ ಕೇಳಿದ: "ಕೂಸು ಹಾಲು ಕುಡಿಯುತ್ತದೆ, ಜ್ವರವಿಲ್ಲ, ಮೈ ತುಂಬಿಕೊಳ್ಳುತ್ತಿದೆ. ಹೊತ್ತು ಮುಳುಗುವಾಗ ಮಾತ್ರ ಕಾಲು ಮಡಚಿ ಕಿರುಚುತ್ತದೆ. ಏನದು?"

"ಹೊಟ್ಟೆನುಲಿತ, ಬುದ್ಧಿ. ನನ್ನ ತಂಗಿಯೂ ಹೀಗೇ ಅಳುತ್ತಿದ್ದಳು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಾನೇ ನಿಂತಿತು."

"ಹಾಗಾದರೆ ಅಲ್ಲಿಯತನಕ ನಿನ್ನ ತಲೆ ನನ್ನಲ್ಲಿ ಒತ್ತೆ. ಎರಡನೆಯದು. ಇವತ್ತು ಬೆಳಿಗ್ಗೆಯಿಂದ ಒಂದೇ ಸಮನೆ ಅಳುತ್ತಿದೆ. ಮುಳ್ಳಿಲ್ಲ, ಇರುವೆಯಿಲ್ಲ. ಚುಚ್ಚುತ್ತಿರುವುದು ಏನು?"

ಜವರ ಕಿವಿಗೊಟ್ಟ. ಇದು ಸಂಜೆಯ ಅಳುವಲ್ಲ ಅನ್ನಿಸಿತು. "ಬಟ್ಟೆ ಬಿಚ್ಚಿಸಿ ಬುದ್ಧಿ, ನೋಡದೆ ಹೇಳಲಾರೆ."

ಕಣ್ಣು, ಕಿವಿ, ಹೊಟ್ಟೆ, ತೊಡೆಸಂದು, ಬೆರಳು, ಒಂದೊಂದನ್ನೇ ನೋಡುತ್ತ ಬಂದ. ಎಡಗಾಲಿನ ಕಿರುಬೆರಳು ಊದಿ ಕೆಂಪಾಗಿತ್ತು. ಅದರ ಬುಡಕ್ಕೆ ಉದ್ದನೆಯ ಕೂದಲೊಂದು ಬಿಗಿದುಕೊಂಡಿತ್ತು. ಉಸಿರು ಬಿಗಿಹಿಡಿದು ಬಿಡಿಸಿದ. ಕೂಸು ಬಿಕ್ಕಿ ಬಿಕ್ಕಿ ಸುಮ್ಮನಾಯಿತು.

ಪರದೆಯ ಹಿಂದಿನಿಂದ ರಾಣಿ ಹೊನ್ನಾಂಬೆಯ ದನಿ ಬಂತು. "ಮೂರನೆಯದು ನನ್ನದು. ಕೂಸು ಸುಮ್ಮನಾದರೂ ಈ ಮನೆಯಲ್ಲಿ ಅಳು ನಿಂತಿಲ್ಲ. ಯಾರದು?"

ಜವರ ಕೈಯಲ್ಲಿದ್ದ ಉದ್ದನೆಯ ಕೂದಲನ್ನು ನೋಡಿ ಪರದೆಯತ್ತ ಕೈಮುಗಿದ. "ನಿಮ್ಮದೇ ತಾಯೇ. ಆ ಕೂದಲು ನಿಮ್ಮದೆಂದು ಅಳಬೇಡಿ, ಬಾಣಂತಿಗೆ ಕೂದಲು ಉದುರುವುದು ಸಹಜ. ನಿಮಗೆ ಬೇಕಿರುವುದು ನಿದ್ದೆ."

ದೊರೆ ತಲೆ ತಗ್ಗಿಸಿದ. "ಎರಡು ತಿಂಗಳಿಂದ ನಾನು ಕೂಸನ್ನಷ್ಟೇ ನೋಡಿದೆ."

"ನೀವೇ ಎತ್ತಿಕೊಳ್ಳಿ ಬುದ್ಧಿ. ಮುಂಗೈಯ ಮೇಲೆ ಬೋರಲು ಮಲಗಿಸಿ, ಬೆನ್ನು ತಟ್ಟುತ್ತ ಓಡಾಡಿ."

ನಾಲ್ಕನೆಯ ತಿಂಗಳಿಗೆ ಸಂಜೆಯ ಅಳು ನಿಂತಿತು. ತಲೆ ಉಳಿದ ಜವರ ಎರಡು ಬೇಡಿದ: ಸೆರೆಯಲ್ಲಿದ್ದವರ ಬಿಡುಗಡೆ, ತನ್ನ ಕೇರಿಗೆ ದೊರೆಯ ಬಿದಿರುಮೆಳೆ. ಎರಡೂ ಸಿಕ್ಕವು.

ಅಳು ನಿಂತ ಮೇಲೂ ಹೊತ್ತು ಮುಳುಗಿದರೆ ದೊರೆ ದರ್ಬಾರಿನಿಂದ ಎದ್ದುಬಿಡುತ್ತಿದ್ದ. ಮಂತ್ರಿಗಳು ಕಾಗದ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ರಾಣಿ ನಿದ್ದೆ ಮಾಡುತ್ತಿದ್ದಳು, ದೊರೆ ಬರಿಗಾಲಲ್ಲಿ ಕೂಸನ್ನೆತ್ತಿಕೊಂಡು ಓಡಾಡುತ್ತಿದ್ದ.